ಮೀನು ಹತ್ತದ ರೈಲು

ಹಳೆಯ ಗೂಡ್ಸ್ ಹಳಿಯ ಜಾಗದಲ್ಲೇ ಓಡುವ ಹೊಸ ನಗರ ರೈಲನ್ನು ಹತ್ತಲು ಕಳೆದ ವಾರ ದೊಡ್ಡ ಪಟ್ಟಣವೊಂದರಲ್ಲಿ ನಿಂತಿದ್ದೆ. ಗೇಟಿನಲ್ಲಿ ಫಲಕ: 'ವಾಸನೆಯ ಸಾಮಾನು ತರಬಾರದು.' ನನ್ನ ಚೀಲದಲ್ಲಿ ಕುಮಟೆಯ ಒಣ ಸೀಗಡಿ. ನಗು ಬಂತು. ಇಂಥ ರೈಲನ್ನು ನಮ್ಮ ಹೊನ್ನಾವರ ಎಂಬತ್ತರ ದಶಕದಲ್ಲೇ ಓಡಿಸಿ ಮುಗಿಸಿತ್ತು.

ಕರಾವಳಿಗೆ ಆಗಿನ್ನೂ ರೈಲಿಲ್ಲ, ಅದರ ಭಾಷಣ ಮಾತ್ರ ಇತ್ತು. ಹೊಳೆದಂಡೆಯಿಂದ ಪೇಟೆಯ ಅಂಚಿಗೆ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದರ ಹಳಿ ಬಿದ್ದಿತ್ತು. ಮಣ್ಣು ಸಾಗಿಸುವ ತಳ್ಳುಗಾಡಿಗೆಂದು ಹಾಕಿದ್ದು. ಊರಿನ ಗಣ್ಯರು ಸಮಿತಿ ಕಟ್ಟಿ ಆ ಗಾಡಿಗೆ ಬೆಂಚು, ತಗಡಿನ ಮಾಡು, ಹಸಿರು ಬಣ್ಣ ಎಲ್ಲ ಮಾಡಿಸಿದರು. ಎಂಜಿನ್ ಒಂದಿಲ್ಲ. ಇಬ್ಬರು ಆಳು ತಳ್ಳಬೇಕು. ಆದರೂ ಬೋರ್ಡು 'ನಗರ ರೈಲು'.

ಪತ್ರಿಕೆಯೊಂದಕ್ಕೆ ಊರ ಸುದ್ದಿ ಬರೆಯುತ್ತಿದ್ದ ನನಗಿಂತ ಹೆಚ್ಚು ಕಾದವಳು ನಮ್ಮ ಓಣಿಗೆ ಮೀನು ತರುತ್ತಿದ್ದ ಮಾದೇವಿ. "ಬುಟ್ಟಿ ಹೊತ್ಕಂಡು ನಡ್ದು ನಡ್ದು ಮಂಡಿ ಹೋಯ್ತು ತಮಾ," ಎನ್ನುತ್ತಿದ್ದಳು. "ರೈಲಾದ್ರೆ ಯಾಪಾರ. ಇಲ್ದಿದ್ರೆ ಮನೇಲಿ ಕೂತ್ಕಂಬುದೇ."

ಉದ್ಘಾಟನೆಯ ಬೆಳಿಗ್ಗೆ ಬಂಗಡೆ ಬುಟ್ಟಿ ಹೊತ್ತು ಎಲ್ಲರಿಗಿಂತ ಮೊದಲೇ ಬಂದು ನಿಂತಳು. ಸಮಿತಿಯ ಅಧ್ಯಕ್ಷರು ಕೈ ಅಡ್ಡ ಹಿಡಿದರು.

"ನೀನು ಹತ್ತು. ಮೀನು ಹತ್ತಿಸೂಕಿಲ್ಲ. ಇದು ಪ್ರಯಾಣಿಕರ ರೈಲು."

"ಮೀನಿಲ್ದೆ ನಾ ಪೇಟೆಗೆ ಎಂತಕ್ಕೆ ಹೋಗೂದು ಒಡೆಯಾ, ನಿಮ್ಮ ಮುಖ ನೋಡೂಕಾ? ನಿನ್ನೆ ನಿಮ್ಮನೆ ಅಡಿಗೆಮನೆಗೆ ಹೋದದ್ದು ಇದೇ ಬುಟ್ಟಿ."

ಅಧ್ಯಕ್ಷರು ಕೊರಳ ಹಾರ ಸರಿಪಡಿಸಿಕೊಂಡು ಗಾಡಿ ಹತ್ತಿದರು. ಹೊಳೆದಂಡೆಯಿಂದ ಮೀನಿನವರನ್ನು ಬಿಟ್ಟರೆ ಪೇಟೆಗೆ ಹೋಗುವವರು ಯಾರೂ ಇಲ್ಲ ಎಂಬುದು ಸಮಿತಿಯ ಯಾವ ಸಭೆಯಲ್ಲೂ ಚರ್ಚೆಗೆ ಬಂದಿರಲಿಲ್ಲ.

ಗಣ್ಯರು ಕೂತರು, ನಾನೂ ಕೂತೆ. ಮಾದೇವಿ ಬುಟ್ಟಿ ಹೊತ್ತು ಹಿಂದೆ ನಡೆದಳು. ಪೇಟೆಯ ಏರಿನಲ್ಲಿ ಗಾಡಿ ನಿಂತಿತು. ಯಾರೂ ಇಳಿಯಲಿಲ್ಲ, ಕೊರಳಲ್ಲಿ ಹಾರವಿತ್ತಲ್ಲ.

"ಅಕ್ಕಾ, ಒಂದು ಕೈ ಹಾಕೆ ಮಾರಾಯ್ತಿ," ಎಂದ ತಳ್ಳುವವನೊಬ್ಬ.

ಅವಳು ಬುಟ್ಟಿ ಇಳಿಸಿದಳು. ಮಂಡಿ ಹಿಡಿದುಕೊಂಡು ನಿಂತಳು, ಆಮೇಲೆ ತಳ್ಳಿದಳು. ಗಾಡಿ ಏರಿತು. ಚಪ್ಪಾಳೆ ಬಿತ್ತು.

ಮರುದಿನದ ಪತ್ರಿಕೆಯಲ್ಲಿ ನಾನು ಬರೆದದ್ದು: 'ಸಾರ್ವಜನಿಕರ ಸಹಕಾರದಿಂದ ರೈಲು ಯಶಸ್ವಿಯಾಗಿ ಸಾಗಿತು.' ಆ ಮಳೆಗಾಲ ಹಿಡಿಯುವವರೆಗೆ ರೈಲು ಖಾಲಿ ಬೆಂಚು ಹೊತ್ತು ಓಡಾಡಿ ನಿಂತಿತು. ಮಾದೇವಿ ಅದಕ್ಕೂ ಮೊದಲೇ ಬುಟ್ಟಿ ಬಿಟ್ಟು ಮನೆಯಲ್ಲಿ ಕೂತಿದ್ದಳು.

ಕಳೆದ ವಾರ ಆ ಪಟ್ಟಣದ ಗೇಟಿನ ಕಾವಲುಗಾರ ನನ್ನ ಇಸ್ತ್ರಿ ಅಂಗಿ ನೋಡಿದ, ಚೀಲ ನೋಡಲಿಲ್ಲ. ಸೀಗಡಿ ಸಮೇತ ಹತ್ತಿ ಕಿಟಕಿ ಪಕ್ಕ ಕೂತೆ.

ಸುದ್ದಿ ತಪ್ಪಾದರೆ ಮರುದಿನವೇ ತಿದ್ದುಪಡಿ ಹಾಕಬೇಕು. ನನ್ನದು ತಡವಾಗಿದೆ. ಅಂದು ಸಹಕರಿಸಿದ ಸಾರ್ವಜನಿಕರು ಒಬ್ಬರೇ. ಹೆಸರು ಮಾದೇವಿ. ವರದಿಗಾರ ಗಾಡಿಯಿಂದ ಇಳಿದಿರಲಿಲ್ಲ.