ಮೊದಲ ಬಾಣಂತನ ತವರಿನದು

ರುಕ್ಮವ್ವ ಒಳ್ಳೆಯ ಹೆಂಗಸು ಎಂದು ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸತ್ತವರ ಮನೆಗೆ ಮೊದಲು ಬುತ್ತಿ ಒಯ್ಯುವವಳು ಅವಳೇ, ಬಾಣಂತಿಯ ಮನೆಗೆ ಮೊದಲು ಅಳವಿಯುಂಡಿ ಒಯ್ಯುವವಳೂ ಅವಳೇ. ನಾನೂ ಹಾಗೇ ಹೇಳಿಕೊಂಡು ಓಡಾಡಿದವಳು. ಅವಳ ಸೊಸೆ ದ್ರಾಕ್ಷಾಯಿಣಿಗೆ ಆದದ್ದನ್ನು ನೋಡಿದ ಮೇಲೆ ಆ ಮಾತು ನನ್ನ ಬಾಯಿಗೆ ಬರುವುದಿಲ್ಲ.

ರುಕ್ಮವ್ವನಿಗೆ ಒಬ್ಬನೇ ಮಗ, ಸಿದ್ಧಾರೂಢ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಮದುವೆಗೆ ಮುಂಚೆ ಗೆಳೆಯರ ಜೊತೆ ಗೋವಾಕ್ಕೆ ಹೋಗಿ ಬಂದ. ಕೆಲವು ವಾರಗಳಲ್ಲಿ ಹೇಳಿಕೊಳ್ಳಲಾಗದ ಜಾಗದಲ್ಲಿ ಒಂದು ಹುಣ್ಣಾಯಿತು. ನೋವಿಲ್ಲದ ಹುಣ್ಣು. ಡಾಕ್ಟರಿಗೆ ತೋರಿಸಲು ನಾಚಿಕೆ. ತಾಯಿಗೆ ಮಾತ್ರ ಉಷ್ಣವಾಗಿದೆ ಎಂದ. ನಮ್ಮ ಜನರಿಗೆ ಉಷ್ಣ ಅಂದರೆ ಸಾಕು, ಮುಂದೆ ಏನನ್ನೂ ಕೇಳುವುದಿಲ್ಲ. ರುಕ್ಮವ್ವ ಕಾಮಕಸ್ತೂರಿ ಬೀಜ ನೆನೆಸಿ ಹಾಲಿನಲ್ಲಿ ಕುಡಿಸಿದಳು, ಔಷಧಿ ಅಂಗಡಿಯಿಂದ ತಾನೇ ಮುಲಾಮು ತಂದಳು. ಹುಣ್ಣು ಮಾಯಿತು. ಸಿಫಿಲಿಸ್ ಹುಣ್ಣು ಏನೂ ಹಚ್ಚದಿದ್ದರೂ ಮಾಯುತ್ತದೆ, ರೋಗ ರಕ್ತದಲ್ಲಿ ಉಳಿಯುತ್ತದೆ. ಇದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಲಗ್ನ ಮಾಡಿದ್ರ ಉಷ್ಣ ತಾನ ಇಳೀತೈತಿ" ಎಂದು ನನ್ನ ಮುಂದೆಯೇ ನಗುತ್ತ ಅವಳು ಹೆಣ್ಣು ಹುಡುಕಿದಳು.

ಹೆಣ್ಣು ಸಿಕ್ಕಿದ್ದು ಗರಗದಲ್ಲಿ. ದ್ರಾಕ್ಷಾಯಿಣಿ ಅಲ್ಲಿ ನೂಲು ತೆಗೆಯುತ್ತಿದ್ದ ಹುಡುಗಿ. ನಕ್ಕರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ವರ್ಷದೊಳಗೇ ಬಸಿರಾದಳು. ಆಶಾ ಕಾರ್ಯಕರ್ತೆ ಮಾಬೂಬಿ ಮೂರನೇ ತಿಂಗಳಲ್ಲೇ ಬಂದು, ರಕ್ತ ಪರೀಕ್ಷೆ ಮಾಡಿಸೋಣ, ಕಳಿಸಿ ಎಂದಳು. ರುಕ್ಮವ್ವ ಅವಳನ್ನು ಕೂರಿಸಿ ಚಹಾ ಕೊಟ್ಟಳು. ಸೊಸೆಯನ್ನು ಮಾತ್ರ ಕಳಿಸಲಿಲ್ಲ.

"ಮೊದಲನೇ ಬಾಣಂತನ ತವರಿನದವಾ. ತೋರಸೋದು, ಮಾಡಸೋದು ಎಲ್ಲಾ ಅವರು ಮಾಡ್ತಾರ. ನಾವು ಮುಂದ ಬಿದ್ದು ಮಾಡಿದ್ರ ಬೀಗರಿಗೆ ಅವಮಾನ ಆಗೂದಿಲ್ಲೇನು?"

ಮಾಬೂಬಿ ಮತ್ತೆ ಬಂದಳು, ಮತ್ತೆ ಚಹಾ ಕುಡಿದು ಹೋದಳು. ಏಳನೇ ತಿಂಗಳಲ್ಲಿ ಕುಬಸವಾಯಿತು. ಹಸಿರು ಸೀರೆ, ಹಸಿರು ಬಳೆ, ಓಣಿಗೆಲ್ಲ ಹೋಳಿಗೆ ಊಟ. ಮರುದಿನ ತಂದೆ ಗುರುಶಿದ್ದಪ್ಪ ಮಗಳನ್ನು ಗರಗಕ್ಕೆ ಕರೆದೊಯ್ದ. ಅಲ್ಲಿಯ ಆಸ್ಪತ್ರೆಯಲ್ಲಿ ಮೊದಲ ಸಲ ಅವಳ ರಕ್ತ ತೆಗೆದರು. ಸಿಫಿಲಿಸ್ ಎಂದು ಬಂತು.

ನರ್ಸ್ ಫಿಜಾ ಬಾಗಿಲು ಮುಂದೆ ಮಾಡಿಕೊಂಡು ಮೆತ್ತಗೆ ಹೇಳಿದಳು. "ಅಂಜಬ್ಯಾಡ ತಂಗಿ, ಇಂಜೆಕ್ಷನ್‌ದಾಗ ಹೋಗತೈತಿ. ಕೂಸಿಗೆ ಹತ್ತೇತೋ ಇಲ್ಲೋ ಈಗ ಹೇಳಾಕ ಬರೂದಿಲ್ಲ. ಮದಲ ಬಂದಿದ್ರ ಛಲೋ ಇತ್ತು. ನಿನ್ನ ಗಂಡನ್ನೂ ಕರಸು, ಅವರ ರಕ್ತಾನೂ ನೋಡಬೇಕು."

ಗಂಡ ಒಬ್ಬನೇ ಬರಲಿಲ್ಲ. ತಾಯಿಯನ್ನೂ ಇಬ್ಬರು ಹಿರಿಯರನ್ನೂ ಕರೆದುಕೊಂಡು ಬಂದ. ಪಡಸಾಲೆಯಲ್ಲಿ ಜಮಖಾನ ಹಾಸಿದರು. ದ್ರಾಕ್ಷಾಯಿಣಿ ತೊಲೆಗಂಬ ಹಿಡಿದು ನಿಂತಿದ್ದಳು.

"ಬೀಗರ, ನಮ್ಮ ಮನ್ಯಾಗ ಇದ್ದಾಗ ಆಕಿಗೆ ಒಂದು ನೆಗಡಿ ಬಂದಿಲ್ಲ" ಎಂದಳು ರುಕ್ಮವ್ವ. "ಹಸರ ಬಳಿ ಇಟ್ಟು ಕಳಿಸೀವಿ. ಬ್ಯಾನಿ ಸಿಕ್ಕದ್ದು ನಿಮ್ಮ ಮನ್ಯಾಗ. ನೀವ ಹೇಳ್ರಿ, ಎಲ್ಲಿಂದ ಬಂತು?"

ಹಿರಿಯರು ತಲೆಯಾಡಿಸಿದರು. ಕಳುವಾದ ಎಮ್ಮೆ ಯಾರ ಕೊಟ್ಟಿಗೆಯಲ್ಲಿ ಸಿಕ್ಕಿತೋ ಅವರೇ ಕಳ್ಳರು ಎಂಬ ನ್ಯಾಯ. ಪರೀಕ್ಷೆಯನ್ನು ತವರಿಗೇ ಬಿಟ್ಟವಳು ತಾನೇ ಎಂಬುದನ್ನು ರುಕ್ಮವ್ವ ಎತ್ತಲಿಲ್ಲ, ಯಾರೂ ಕೇಳಲೂ ಇಲ್ಲ.

"ಅವರ ರಕ್ತಾನೂ ತಗಸ್ರಿ" ಎಂದಳು ದ್ರಾಕ್ಷಾಯಿಣಿ. "ಆಸ್ಪತ್ರಿ ಇಲ್ಲೇ ಐತಿ. ನಾನು ಮತ್ತೇನೂ ಕೇಳೂದಿಲ್ಲ."

ಸಿದ್ಧಾರೂಢ ತಾಯಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಆ ಮುಲಾಮು ಅವಳಿಗೆ ಆಗ ನೆನಪಾಗದೆ ಇರುತ್ತದೆಯೇ? ನಾನಂತೂ ನಂಬುವುದಿಲ್ಲ. ಆದರೆ ಬಾಯಿ ತೆರೆದವನು ಗುರುಶಿದ್ದಪ್ಪ, ಹೆತ್ತ ತಂದೆ.

"ಸುಮ್ನಿರು. ಅಳಿಯನ ರಕ್ತ ತಗಸಿದ್ರ ನಾಳೆ ನಿನ್ನ ತಂಗೀನ ಯಾರು ಕೇಳ್ತಾರ?"

ಅಲ್ಲಿಗೆ ಮುಗಿಯಿತು. ಬೀಗರು ಚಹಾ ಕುಡಿದೇ ಎದ್ದರು.

ಇಂಜೆಕ್ಷನ್‌ಗಳನ್ನು ಅವಳು ಒಬ್ಬಳೇ ಹೋಗಿ ತೆಗೆದುಕೊಂಡಳು. ಅವಳ ರೋಗ ಹೋಯಿತು. ಕೂಸಿಗೆ ತಡವಾಗಿತ್ತು, ಒಂಬತ್ತು ತುಂಬುವ ಮುಂಚೆ ಹೊಟ್ಟೆಯೊಳಗೇ ಸತ್ತು ಹುಟ್ಟಿತು, ಗಂಡು. ಸುದ್ದಿ ಕೇಳಿ ರುಕ್ಮವ್ವ ಓಣಿಯಲ್ಲಿ ಕುಳಿತು ನಿಜವಾಗಿಯೇ ಅತ್ತಳು, "ಮೊಮ್ಮಗನ್ನ ನುಂಗಿದ್ಲು" ಎಂದು. ಹೆಂಗಸರು ಅವಳನ್ನೇ ಸಮಾಧಾನ ಮಾಡಿದರು. ದ್ರಾಕ್ಷಾಯಿಣಿಯನ್ನು ವಾಪಸು ಕರೆಸಲಿಲ್ಲ. ಗಂಡ ಹೆಂಡಿರ ಸಂಬಂಧ ಮುರಿಯುವ ಸೋಡಪತ್ರಕ್ಕೆ ಅವಳಿಂದ ಸಹಿ ಹಾಕಿಸಿಕೊಂಡು ಬಂದರು.

ವರ್ಷ ಕಳೆಯುವುದರೊಳಗೆ ಸಿದ್ಧಾರೂಢನಿಗೆ ಶಿರಗುಪ್ಪಿಯಲ್ಲಿ ಹೆಣ್ಣು ಗೊತ್ತಾಯಿತು. ಸೃಷ್ಟಿ ಎಂಬ ಹುಡುಗಿ, ಪಿಯುಸಿ ಮುಗಿಸಿದವಳು. ನಾನೇ ಗರಗಕ್ಕೆ ಫೋನ್ ಮಾಡಿ ತಿಳಿಸಿದೆ. ಮರುದಿನವೇ ದ್ರಾಕ್ಷಾಯಿಣಿ ಬಸ್ಸು ಹತ್ತಿ ಶಿರಗುಪ್ಪಿಗೆ ಹೋದಳು. ಸೃಷ್ಟಿಯ ತಾಯಿ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ದ್ರಾಕ್ಷಾಯಿಣಿ ನಿಂತುಕೊಂಡೇ ಎಲ್ಲ ಹೇಳಿದಳು, ಏನೂ ಮುಚ್ಚಿಡಲಿಲ್ಲ.

"ಲಗ್ನ ಬಿಡ್ರಿ ಅನ್ನಾಕ ಬಂದಿಲ್ರಿ ಯವ್ವಾ. ಅವರ ರಕ್ತ ಒಮ್ಮಿ ನೋಡಿಸ್ರಿ. ಇದ್ರೂ ಔಷಧ ಐತಿ, ಆರಾಮ ಆಗತೈತಿ. ಆಮ್ಯಾಲೆ ಲಗ್ನ ಮಾಡ್ರಿ."

ಒಳಗಿನಿಂದ ಸೃಷ್ಟಿ ಬಾಗಿಲಿಗೆ ಬಂದು ನಿಂತಳು. ತಾಯಿ ಅವಳನ್ನು ಕಣ್ಣಲ್ಲೇ ಒಳಗೆ ಅಟ್ಟಿ, ಕೈಯೊರೆಸಿಕೊಂಡು ಎದ್ದಳು.

"ನಮಗೇನೂ ಮುಚ್ಚಿಟ್ಟಿಲ್ಲ ತಂಗಿ, ಬೀಗರು ಮದಲ ಎಲ್ಲಾ ಹೇಳ್ಯಾರ. ಬ್ಯಾನಿ ಇದ್ದಾಕಿ ನೀನು. ನೀನ ಆ ಮನಿ ಬಿಟ್ಟು ಹೊರಗ ಬಿದ್ದಿ. ಇನ್ನ ಅಲ್ಲೇನೈತಿ?"

ಕಳೆದ ವಾರ ಮದುವೆಯಾಯಿತು. ಸಿದ್ಧಾರೂಢನ ರಕ್ತವನ್ನು ಇಂದಿಗೂ ಯಾರೂ ತೆಗೆದಿಲ್ಲ.