ಖಾನೆಯ ತಳದ ಗೋಣಿ ತುಂಡು

ಯಾರ ಮನೆಗೆ ಹೋದರೂ ನನಗೊಂದು ಕೆಟ್ಟ ಆಸೆ ಹುಟ್ಟುತ್ತದೆ. ಅವರ ಮೇಜಿನ ಖಾನೆ ಎಳೆದು, ಅದರ ತಳಕ್ಕೆ ಏನು ಹಾಸಿದ್ದಾರೆ ಎಂದು ನೋಡಬೇಕು. ಒಳಗಿರುವ ಸಾಮಾನು ನನಗೆ ಬೇಡ, ಅವರ ಮನೆಯ ಗುಟ್ಟೂ ಬೇಡ. ಹಾಸು ಕಂಡರೆ ಸಾಕು. ನೆಂಟರ ಹುಡುಗನಿಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ, ಎಲ್ಲರೂ ಹುಡುಗಿಯ ಕಡೆ ನೋಡುತ್ತಿರುವಾಗ, ನನ್ನ ಕೈ ಮಾತ್ರ ಪಕ್ಕದ ಮೇಜಿನ ಹಿಡಿಯ ಕಡೆ ಹೋಗಿತ್ತು. ನನ್ನ ಹೆಂಡತಿ ಗೌರಮ್ಮ ಕೆಮ್ಮಿದಳು. ಆ ಕೆಮ್ಮಿನ ಅರ್ಥ ಸಂಸಾರ ಹಳತಾದವರಿಗೆ ಮಾತ್ರ ಗೊತ್ತಾಗುತ್ತದೆ. ನಾನು ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು ಸುಮ್ಮನೆ ಕೂತೆ.

ಇದು ಹುಟ್ಟಿನಿಂದ ಬಂದ ಚಟವಲ್ಲ, ಕಸುಬಿನಿಂದ ಅಂಟಿಕೊಂಡದ್ದು. ಶಿವಮೊಗ್ಗದಲ್ಲಿ ಆಲ್ಕೊಳದ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡಿದೆ. ಅಕ್ಕಿ ಗಿರಣಿಯ ಇಂಜಿನ್ನುಗಳು, ಹೊಳೆಯಿಂದ ನೀರೆತ್ತುವ ಎಣ್ಣೆ ಇಂಜಿನ್ನುಗಳು ಕಾಯಿಲೆ ಬಿದ್ದರೆ ಅಲ್ಲಿಗೆ ಬರುತ್ತವೆ. ನನ್ನದು ಎಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಶೆಡ್ಡು ನನ್ನದೂ ಹೌದು, ದಸ್ತಗೀರ್ ಸಾಹೇಬರದೂ ಹೌದು. ಸಾಹೇಬರು ನನಗಿಂತ ಸ್ವಲ್ಪ ಹಿರಿಯರು. ಇಂಜಿನ್ನು ಬಿಚ್ಚುವುದು, ಜೋಡಿಸುವುದು, ಅದರ ಉಸಿರಾಟಕ್ಕೆ ಕಿವಿ ಕೊಡುವುದು ಅವರ ಕೆಲಸ. ಅಳತೆ ನೋಡುವುದು, ಭದ್ರಾವತಿಗೆ ಹೋಗಿ ಎರಕದ ಸಾಮಾನು ತರುವುದು, ಗಿರಾಕಿಗಳಿಗೆ ‘ನಾಳೆ ಬನ್ನಿ’ ಎಂದು ಮುಖ ಕೆಡಿಸಿಕೊಳ್ಳದೆ ಹೇಳುವುದು ನನ್ನ ಕೆಲಸ. ಹೀಗೆ ಒಮ್ಮೆ ಭದ್ರಾವತಿಗೆ ಹೋದಾಗ ಹಳೇ ಸಾಮಾನಿನ ಹರಾಜಿನಲ್ಲಿ ಒಂದು ತೇಗದ ಬೀರು ಕಂಡು, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದೆ. ಬಾಗಿಲಿಲ್ಲ, ಮೇಲಿಂದ ಕೆಳಗಿನವರೆಗೂ ಬರೀ ಖಾನೆಗಳು. ಮಳೆಗಾಲದಲ್ಲಿ ಅವು ಉಬ್ಬಿ ಹೊರಗೇ ಬರುವುದಿಲ್ಲ. ಬೇಸಗೆಯಲ್ಲಿ ಮೆಲ್ಲಗೆ ಎಳೆದರೂ ಕಾಲಿನ ಮೇಲೆ ಬೀಳುತ್ತವೆ. ಅವುಗಳ ಬುದ್ಧಿ ನೆಟ್ಟಗಿರುವುದು ದಸರೆಯ ಆಸುಪಾಸಿನಲ್ಲಿ ಮಾತ್ರ.

ಬರೀ ಮರದ ಮೇಲೆ ಉಪಕರಣ ಇಡಬಾರದು. ಖಾನೆ ಎಳೆದಾಗಲೆಲ್ಲ ಸ್ಪ್ಯಾನರುಗಳು ಉರುಳುತ್ತವೆ, ಅರಗಳು ಒಂದನ್ನೊಂದು ಉಜ್ಜಿಕೊಂಡು ಹಲ್ಲು ಕಳೆದುಕೊಳ್ಳುತ್ತವೆ, ನಮ್ಮೂರ ಶೀತಕ್ಕೆ ಎಲ್ಲವೂ ತುಕ್ಕು ಹಿಡಿಯುತ್ತವೆ. ಆದ್ದರಿಂದ ಹಾಸು ಬೇಕು. ಯೋಚಿಸಿ ನೋಡಿದರೆ ಮನುಷ್ಯ ಯಾವುದನ್ನು ತಾನೇ ಬರೀ ನೆಲದ ಮೇಲೆ ಇಟ್ಟಿದ್ದಾನೆ? ಅನ್ನಕ್ಕೆ ಎಲೆ ಹಾಸುತ್ತಾನೆ, ಬೀಗರಿಗೆ ಜಮಖಾನ ಹಾಸುತ್ತಾನೆ, ಕಲಶದ ಕೆಳಗೆ ಅಕ್ಕಿ ಹರಡುತ್ತಾನೆ. ಗುಬ್ಬಚ್ಚಿ ಕೂಡ ಹೊರಗೆ ಒರಟು ಹುಲ್ಲು ಹೆಣೆದರೂ ಮೊಟ್ಟೆ ಇಡುವ ಜಾಗಕ್ಕೆ ಹತ್ತಿ ಹುಡುಕಿಕೊಂಡು ಬರುತ್ತದೆ. ಬೆಲೆಯುಳ್ಳದ್ದು ಯಾವುದು ಎಂದು ತಿಳಿಯಬೇಕಾದರೆ ಅದರ ಕೆಳಗೆ ಏನಿದೆ ಎಂದು ನೋಡಬೇಕು ಎಂಬುದು ನನ್ನ ಸಿದ್ಧಾಂತ. ಇದನ್ನು ಗೌರಮ್ಮನಿಗೆ ಹೇಳಿದಾಗ, “ಹಾಗಿದ್ರೆ ನಮ್ಮ ಹಾಸಿಗೆಗೆ ಹೊಸ ಹತ್ತಿ ತುಂಬ್ಸಿ ಎಷ್ಟು ವರ್ಷ ಆಯ್ತು?” ಎಂದು ಕೇಳಿದಳು. ಸಿದ್ಧಾಂತವನ್ನು ಅಲ್ಲಿಗೇ ನಿಲ್ಲಿಸಿದೆ.

ಕೆಲಸ ನಡೆಯುವ ಶೆಡ್ಡಿನಲ್ಲಿ ಎಲ್ಲ ಖಾನೆಗಳೂ ಒಟ್ಟಿಗೆ ಖಾಲಿಯಾಗುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಸಾಹೇಬರು ಬೆಳಿಗ್ಗೆಯೇ ಬಂದು ಒಂದೊಂದೇ ಉಪಕರಣವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಸಾಲಾಗಿ ಇಡುತ್ತಾರೆ. ತೊಳೆಯುವುದು ಅವರ ಪಾಲು, ಕುಂಕುಮ ಹೂವು ಗೌರಮ್ಮನ ಪಾಲು, ಕಡ್ಲೆಪುರಿ ಎಲ್ಲರ ಪಾಲು. ಹಳೇ ಹಾಸು ತೆಗೆದು ಹೊಸದು ಹಾಕಲು ಅದೇ ಸಮಯ. ಆದರೆ ಇಲ್ಲೊಂದು ತೊಡಕಿದೆ. ಪೂಜೆಗೆ ಕೂತ ಉಪಕರಣವನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಖಾನೆ ಖಾಲಿಯಿದೆ, ಸರಿ, ಕತ್ತರಿ ಪೂಜೆಯಲ್ಲಿದೆ. ಮೊಳೆ ಹೊಡೆಯೋಣವೆಂದರೆ ಸುತ್ತಿಗೆಯೂ ಹೂವು ಮುಡಿದು ಕೂತಿದೆ. ಮನೆಯಿಂದ ತರೋಣವೆಂದರೆ ಗೌರಮ್ಮ ಚಾಕುವಿನಿಂದ ಹಿಡಿದು ಈಳಿಗೆಮಣೆಯವರೆಗೆ ಎಲ್ಲಕ್ಕೂ ಕುಂಕುಮ ಇಟ್ಟಿರುತ್ತಾಳೆ. ಹೀಗಾಗಿ ಪ್ರತಿವರ್ಷವೂ ನಾನು ಹಳೇ ಪತ್ರಿಕೆಯನ್ನು ಕೈಯಲ್ಲೇ ಹರಿದು, ಮೈದಾ ಅಂಟಿನಲ್ಲಿ ಅಂಟಿಸುತ್ತಿದ್ದೆ. ಅಂಚು ಸೊಟ್ಟಗಾಗುತ್ತಿತ್ತು. ಅದೂ ಬೇಗ ಮುಗಿಯುತ್ತಿರಲಿಲ್ಲ. ಕಿತ್ತ ಹಳೇ ಹಾಳೆಯಲ್ಲಿ ಸೇರು ಹೋಗಿ ಕಿಲೋ ಬರುವ ಸುದ್ದಿಯೋ ಶರಾವತಿಯ ಅಣೆಕಟ್ಟಿನ ಸುದ್ದಿಯೋ ಕಂಡರೆ, ಗೊತ್ತಿರುವುದನ್ನೇ ಬಾಯಿಬಿಟ್ಟುಕೊಂಡು ಮತ್ತೆ ಓದುತ್ತಾ ಕೂರುತ್ತಿದ್ದೆ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸಾಹೇಬರ ಎರಡೂ ಕಣ್ಣು ಮಂಜಾದವು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪೊರೆ ಬಂದಿದೆ, ಇನ್ನೂ ಬಲಿತಿಲ್ಲ, ಬಲಿತ ಮೇಲೆ ತೆಗೆಯೋಣ, ಅಲ್ಲಿಯವರೆಗೆ ಕಾಯಿರಿ ಎಂದರು ಡಾಕ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಸಾಹೇಬರು ನಕ್ಕರು. “ಅಡಿಕೆ ಆದ್ರೆ ಹಸಿರು ಕಾಯಿದ್ದಾಗ್ಲೇ ಇಳಿಸ್ತಾರೆ. ಇದ್ಯಾವ ಫಸಲು ರುದ್ರಣ್ಣ?” ಎಂದರು. ನಾನೂ ನಕ್ಕೆ. ಆದರೆ ಶೆಡ್ಡಿಗೆ ಬಂದ ಮೇಲೆ ನಗು ಉಳಿಯಲಿಲ್ಲ. ಅವರಿಗೆ ಇಂಜಿನ್ನು ಕಾಣುತ್ತಿತ್ತು, ನಟ್ಟು ಬೋಲ್ಟು ಕೈಗೆ ಸಿಗುತ್ತಿತ್ತು. ಖಾನೆಯೊಳಗಿನ ಕತ್ತಲಲ್ಲಿ ಯಾವ ಸ್ಪ್ಯಾನರು ಎಲ್ಲಿದೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಪ್ರತಿಸಲವೂ ನನ್ನನ್ನು ಕರೆಯಬೇಕು. ಎರಡು ಸಲ ಕರೆಯುತ್ತಿದ್ದರು, ಮೂರನೆಯ ಸಲ ಬೇಕಿದ್ದರೂ ಸುಮ್ಮನೆ ಕೂರುತ್ತಿದ್ದರು. ಅದನ್ನು ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಭದ್ರಾವತಿಯ ಜನ್ನಾಪುರದಲ್ಲಿ ಅವರ ಮಗಳು ಜುಬೇದಾಳ ಮನೆ. ಪೊರೆ ಬಲಿಯುವ ತನಕ ಅಪ್ಪ ತನ್ನ ಮನೆಯಲ್ಲಿರಲಿ, ದಸರೆ ಮುಗಿದ ಕೂಡಲೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅವಳು ಹೇಳಿ ಕಳಿಸಿದಳು. ಸಾಹೇಬರು ಒಪ್ಪಿದರು. ಮಗಳ ಮನೆಯಲ್ಲಿ ಅವರಿಗೆ ಯಾವ ಕೊರತೆಯೂ ಆಗುತ್ತಿರಲಿಲ್ಲ, ನಿಜ. ಆದರೆ ವರ್ಷಗಟ್ಟಲೆ ಕಟ್ಟೆಯ ಮೇಲೆ ಕೂತ ಕೈ ಮತ್ತೆ ಇಂಜಿನ್ನಿಗೆ ಬರುತ್ತದೆಯೇ? ಬರುವುದಿಲ್ಲ ಎಂದು ನನ್ನ ಹೆದರಿಕೆ. ಅವರಿಗೂ ಅದೇ ಹೆದರಿಕೆ ಇತ್ತೆಂದು ಕಾಣುತ್ತದೆ.

ಏನಾದರೂ ಮಾಡಬೇಕೆಂದು ನಾನು ಬಿಳೀ ಬಣ್ಣ ತಂದು ಪ್ರತಿ ಖಾನೆಯ ಮೇಲೂ ಅಂಗೈಯಗಲದ ಅಕ್ಷರದಲ್ಲಿ ಹೆಸರು ಬರೆದೆ. ‘ಸ್ಪ್ಯಾನರು’ ಎಂಬುದರ ಒತ್ತಕ್ಷರ ಕೆಳಗಿನ ಖಾನೆಗೆ ಇಳಿದು ‘ಅರ’ದ ಮೇಲೆ ಕೂತುಕೊಂಡಿತು. ಸಾಹೇಬರು ಬಂದು ಬೀರುವಿನ ಹತ್ತಿರ ಮುಖ ತಂದು, “ಮಜ್ಜಿಗೆ ಯಾರು ಚೆಲ್ಲಿದ್ದು ಮಾರಾಯ್ರೇ?” ಎಂದು ಕೇಳಿದರು. ಯಾರೋ ಚೆಲ್ಲಿದರು ಎಂದು ಹೇಳಿ ಬಟ್ಟೆಯಲ್ಲಿ ಒರೆಸಿದೆ.

ಆಯುಧಪೂಜೆ ಬಂತು. ಆ ವರ್ಷವೂ ಸಾಹೇಬರೇ ಎಲ್ಲವನ್ನೂ ತೊಳೆದರು, ಎಂದಿಗಿಂತ ನಿಧಾನವಾಗಿ. ಸುತ್ತಿಗೆಯನ್ನು ಒರೆಸಿದ್ದನ್ನೇ ಮತ್ತೆ ಒರೆಸಿದರು. ಗೌರಮ್ಮ ಪೂಜೆ ಮುಗಿಸಿ ಬೂದುಗುಂಬಳ ಒಡೆಸಿದಳು. ನಾನು ಹಳೇ ಪತ್ರಿಕೆಗಳ ಕಟ್ಟು ಬಿಚ್ಚಿ ಖಾನೆಗಳ ಮುಂದೆ ಕೂತೆ. ಮೂರನೆಯ ಖಾನೆಯ ಒಂದು ಮೂಲೆಯಲ್ಲಿ ಹಳೇ ಗೋಣಿಯ ತುಂಡೊಂದು ಅಂಟಿಕೊಂಡಿತ್ತು. ಯಾವುದೋ ವರ್ಷ ಪತ್ರಿಕೆ ಸಾಲದೆ ಬಂದಾಗ ತೇಪೆ ಹಾಕಿದ್ದು. ಎಣ್ಣೆ ಕುಡಿದು ಕಪ್ಪಾಗಿ, ನೋಡಿದರೆ ಹೇಸಿಗೆಯಾಗುವಂತಿತ್ತು. ಈ ಸಲ ಇದನ್ನು ಕಿತ್ತೇ ಹಾಕಬೇಕೆಂದು ಉಗುರು ಹಾಕಿ ಎಳೆಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಸಾಹೇಬರು ಆ ಸದ್ದಿಗೆ ಕೈ ಚಾಚಿ, ಖಾನೆಯ ತಳವನ್ನು ಸವರಿದರು. ಕೈ ನೇರವಾಗಿ ಗೋಣಿಯ ಮೇಲೆ ಹೋಗಿ ನಿಂತಿತು.

“ಇದನ್ನ ಕೀಳ್ಬೇಡಿ ರುದ್ರಣ್ಣ. ಅರ್ಧ ಇಂಚಿನ ಸ್ಪ್ಯಾನರ್ ಇದ್ರ ಮೇಲೇ ಇರೋದು,” ಎಂದರು.

“ನಿಮಗೆ ಹ್ಯಾಗೆ ಗೊತ್ತು ಸಾಹೇಬ್ರೇ?”

“ಅರೆ, ಅದೊಂದನ್ನ ಮಾತ್ರ ನಿಮ್ಮನ್ನ ಕೇಳ್ತಿರ್ಲಿಲ್ವಲ್ಲ! ಒರಟು ಸಿಕ್ತು ಅಂದ್ರೆ ಅದೇ. ಬೇರೆಲ್ಲಾ ಕಡೆ ಬರೀ ಪೇಪರ್ರು, ನುಣುಪು.”

ನಾನು ಬಾಯಿ ತೆರೆಯುವ ಮೊದಲೇ ಗೌರಮ್ಮ ಎದ್ದಳು. “ಏನ್ರೀ, ಹಾಗೇ ಕೂತಿದೀರಲ್ಲ? ಮನೇಲಿ ಹಳೇ ಬಟ್ಟೆ ಗಂಟಿದೆ, ತರ್ತೀನಿ, ಒಂದೊಂದಕ್ಕೂ ಒಂದೊಂದು ತರ ಹಾಸಿ,” ಎಂದು ಹೊರಟೇಬಿಟ್ಟಳು.

ಆ ಮಧ್ಯಾಹ್ನದಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಕತ್ತರಿ ಕಣ್ಣೆದುರಿಗೇ ಇದೆ, ಮುಟ್ಟುವಂತಿಲ್ಲ. ಗೌರಮ್ಮನ ಹಳೇ ರವಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದೆವು. ನನ್ನ ಉಣ್ಣೆಯ ಮಫ್ಲರು ಹರಿಯಲೊಪ್ಪದೆ ಇಡಿಯಾಗಿ, ಸುರುಳಿ ಸುರುಳಿಯಾಗಿ ಒಂದು ಖಾನೆಯೊಳಗೆ ಹೋಯಿತು. ಸೊಳ್ಳೆಪರದೆ ಒಂದಕ್ಕೆ, ಜೀಪಿನ ಸೀಟಿನಿಂದ ಉಳಿದಿದ್ದ ರೆಕ್ಸಿನ್ನು ಇನ್ನೊಂದಕ್ಕೆ. ಹಾಸಿದ್ದನ್ನೆಲ್ಲ ಸಾಹೇಬರು ಮುಟ್ಟಿ ನೋಡಿ ತೀರ್ಪು ಕೊಡಬೇಕು. “ರವಿಕೆ ಮೇಲೆ ಅರ ಬೇಡ ಅಕ್ಕಾ, ಸಿಕ್ಕಿ ಹಾಕ್ಕೊಳ್ಳುತ್ತೆ. ಇಕ್ಕಳ ಇಡೋಣ,” ಎನ್ನುತ್ತಿದ್ದರು. ಒಂದು ಖಾನೆಯೊಳಗೇ ಎರಡು ಮೂರು ತರದ ತುಂಡು ಸೇರಿದವು. ಮೈದಾ ಅಂಟು ಮೂವರ ಮೊಣಕೈವರೆಗೂ ಹತ್ತಿತ್ತು. ಗೋಣಿ ತುಂಡು ಮಾತ್ರ ಇದ್ದಲ್ಲೇ ಉಳಿಯಿತು.

ಹಬ್ಬ ಮುಗಿದ ಮೇಲೆ ಜುಬೇದಾ ಬಸ್ಸಿಳಿದು ನೇರವಾಗಿ ಶೆಡ್ಡಿಗೇ ಬಂದಳು. ಅಪ್ಪನ ಬಟ್ಟೆಗೆಂದು ಖಾಲಿ ಚೀಲ ತಂದಿದ್ದಳು. ಸಾಹೇಬರು ಗಿರಣಿಯ ಇಂಜಿನ್ನೊಂದರ ಮುಂದೆ ಕೂತಿದ್ದರು. ಮಗಳ ದನಿ ಕೇಳಿ, “ತಡಿ, ಬರ್ತೀನಿ,” ಎಂದವರು ಬೀರುವಿನ ಹತ್ತಿರ ಹೋದರು. ಮೇಲಿಂದ ಎಣಿಸಿ ಖಾನೆ ಎಳೆದು, ತಳ ಸವರಿ, ಬೇಕಾದ್ದನ್ನು ಹಿಡಿದುಕೊಂಡು ವಾಪಸು ಬಂದು ನಟ್ಟಿಗೆ ಕೂರಿಸಿದರು. ಸರಿಯಾಗಿ ಕೂತಿತು. ಯಾರನ್ನೂ ಕರೆಯಲಿಲ್ಲ. ಜುಬೇದಾ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ರುದ್ರಪ್ಪನೋರೇ, ಸಾಣೆಕಲ್ಲಿನ ಹತ್ರ, ಬೆಲ್ಟಿನ ಹತ್ರ ಬಿಡ್ಬೇಡಿ ಅಷ್ಟೇ. ಭಾನುವಾರ ಬಸ್ಸು ಹತ್ತಿಸಿ ಕಳಿಸಿ, ಊಟ ಮಾಡಿಸಿ ಕಳಿಸ್ತೀನಿ,” ಎಂದಳು. ತಂದ ಚೀಲದ ತುಂಬ ಗೌರಮ್ಮ ಕಡ್ಲೆಪುರಿ ತುಂಬಿ ಕಳಿಸಿದಳು.

ಪೊರೆ ತನ್ನ ಪುರುಸೊತ್ತಿನಲ್ಲಿ ಬಲಿಯಿತು. ಮುಂದಿನ ಬೇಸಗೆಯಲ್ಲಿ ಡಾಕ್ಟರು ಅದನ್ನು ತೆಗೆದರು. ಸೀಸೆಯ ತಳದಷ್ಟು ದಪ್ಪನೆಯ ಕನ್ನಡಕ ಹಾಕಿಕೊಂಡು ಸಾಹೇಬರು ಶೆಡ್ಡಿಗೆ ಬಂದರು, ಒಂದೊಂದೇ ಖಾನೆ ಎಳೆದು ನೋಡಿದರು. ರವಿಕೆಯ ಕೆಂಪು, ಮಫ್ಲರಿನ ಹಳದಿ, ಸೊಟ್ಟ ಸೊಟ್ಟ ಅಂಚು. “ಯಾ ಅಲ್ಲಾ! ಇಷ್ಟು ಅವಲಕ್ಷಣದ ಬೀರು ಇಟ್ಕೊಂಡು ನಾವು ಗಿರಾಕಿಗಳಿಗೆ ಮುಖ ತೋರಿಸ್ತಿದ್ವಾ?” ಎಂದು ಹೊಟ್ಟೆ ಹಿಡಿದು ನಕ್ಕರು.

ನನಗೂ ನಾಚಿಕೆಯಾಯಿತು. ಇನ್ನು ಕಣ್ಣು ಬಂದಿದೆ, ಚಂದವಾಗಿ ಹಾಸೋಣ ಎಂದು, ಆ ಸಲ ಹಬ್ಬಕ್ಕೆ ಮೊದಲೇ ಪೇಟೆಗೆ ಹೋಗಿ ಹಸಿರು ಬನಾತಿನ ದಪ್ಪ ಬಟ್ಟೆ ತಂದೆ. ಜಾಣತನ ನೋಡಿ, ಪೂಜೆಗೆ ಮುಂಚೆಯೇ ದರ್ಜಿಯ ಹತ್ತಿರ ಅಳತೆಗೆ ಸರಿಯಾಗಿ ಕತ್ತರಿಸಿಯೂ ಇಟ್ಟಿದ್ದೆ. ಅದನ್ನು ತೋರಿಸೋಣವೆಂದು ಶೆಡ್ಡಿಗೆ ಹೋದರೆ ಸಾಹೇಬರು ಬೀರುವಿನ ಮುಂದೆ ನಿಂತಿದ್ದರು. ಖಾನೆ ಎಳೆದರು, ಆ ದಪ್ಪ ಗಾಜಿನ ಹಿಂದೆ ಕಣ್ಣು ಮುಚ್ಚಿದರು, ಕೈಯಾಡಿಸಿ ಸ್ಪ್ಯಾನರು ತೆಗೆದರು, ಆಮೇಲೆ ಕಣ್ಣು ಬಿಟ್ಟರು.

“ಇದೇನು ಸಾಹೇಬ್ರೇ? ಡಾಕ್ಟರು ಕಣ್ಣು ಕೊಟ್ಟಿದ್ದಾರಲ್ಲ?”

“ಕಣ್ಣು ಬಿಟ್ಕೊಂಡು ಹುಡುಕಿದ್ರೆ ತಡ ಆಗುತ್ತೆ ಮಾರಾಯ್ರೇ,” ಎಂದು ಇಂಜಿನ್ನಿನ ಕಡೆ ಹೋದರು.

ಬನಾತನ್ನು ಮನೆಗೆ ತಂದು ನನ್ನ ಬರೆಯುವ ಮೇಜಿನ ಖಾನೆಗೆ ಹಾಸಿದ್ದೇನೆ. ಯಾರಾದರೂ ಬಂದು ಎಳೆದು ನೋಡಲಿ ಎಂದು ಕಾಯುತ್ತಿದ್ದೇನೆ. ಈವರೆಗೆ ಯಾರೂ ನೋಡಿಲ್ಲ. ಈಚೆಗೆ ಅಳತೆಪಟ್ಟಿಯ ಸಣ್ಣ ಗೆರೆಗಳು ನನಗೂ ಒಂದಕ್ಕೊಂದು ಸೇರಿಕೊಂಡಂತೆ ಕಾಣುತ್ತಿವೆ. ಡಾಕ್ಟರ ಹತ್ತಿರ ಹೋದರೆ ಇನ್ನೂ ಬಲಿತಿಲ್ಲ, ಕಾಯಿರಿ ಎನ್ನುತ್ತಾರೆ. ಕಾಯೋಣವಂತೆ. ಮೂರನೆಯ ಖಾನೆಯಲ್ಲಿ ಗೋಣಿ ತುಂಡು ಎಲ್ಲಿದೆ ಎಂದು ಈಗ ನನ್ನ ಕೈಗೂ ಗೊತ್ತಿದೆ.