ಇಪ್ಪತ್ತನಾಲ್ಕನೆಯ ಪಕ್ಕೆಲುಬು

ನಮ್ಮ ಮಾವನವರ ಕೆಲಸ ಏನೆಂದು ಮದುವೆಗೆ ಮುಂಚೆ ಯಾರೂ ನನಗೆ ಸರಿಯಾಗಿ ಹೇಳಲಿಲ್ಲ. ‘ಮೆಡಿಕಲ್ ಕಾಲೇಜಿನಲ್ಲಿದ್ದಾರೆ’ ಅಂದರು. ಬೀಗರು ಡಾಕ್ಟರೇ ಇರಬೇಕೆಂದು ನಮ್ಮಪ್ಪ ನಾಲ್ಕು ಜನರ ಮುಂದೆ ಬೀಗಿಯೂ ಬಿಟ್ಟರು. ಆಮೇಲೆ ಗೊತ್ತಾಯಿತು, ಅವರು ಮೂಳೆ ಪೋಣಿಸುವವರು. ಬಿಡಿಬಿಡಿಯಾಗಿ ಬಂದ ಮೂಳೆಗಳನ್ನು ತೊಳೆದು, ಒಣಗಿಸಿ, ವಿಂಗಡಿಸಿ, ಸಣ್ಣ ತೂತು ಕೊರೆದು, ತಂತಿ ಹಾಕಿ ಮತ್ತೆ ಮನುಷ್ಯನ ಆಕಾರಕ್ಕೆ ನಿಲ್ಲಿಸುವುದು. ಇಪ್ಪತ್ತೊಂದನೆಯ ವಯಸ್ಸಿಗೆ ಕಾಲೇಜಿನ ಮೂಳೆ ಕೋಣೆ ಹೊಕ್ಕವರು ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದರು.

ಭಾನುವಾರ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಚರ್ಚಿನ ಮಕ್ಕಳಿಗೆ ಸತ್ಯವೇದದ ಪಾಠ ಹೇಳುತ್ತಿದ್ದರು. ಹಾಗಾಗಿ ಬೀದಿಯಲ್ಲಿ ಅವರ ಹೆಸರು ಮೂಳೆ ಮೇಷ್ಟ್ರು. ವಾರದ ಆರು ದಿನ ನಾಲ್ಕು ಮಾತಾಡಿದರೆ ಹೆಚ್ಚು. ಏಳನೆಯ ದಿನ ಪ್ರಳಯದಲ್ಲಿ ತೇಲಿದ ನೋಹನ ಹಡಗಿನ ಆನೆ, ಜಿರಾಫೆ, ಅವನ ಹೆಂಡತಿಯ ಗೊಣಗಾಟ ಎಲ್ಲವನ್ನೂ ದನಿ ಬದಲಿಸಿ ಮಾಡಿ ತೋರಿಸುವರು. ಮಕ್ಕಳು ಬಿದ್ದು ಬಿದ್ದು ನಗುವರು. ಆ ಒಂದು ಗಂಟೆಗಾಗಿಯೇ ಈ ಮನುಷ್ಯ ಉಳಿದ ದಿನಗಳನ್ನು ತಳ್ಳುತ್ತಾರೆ ಎಂದು ಅತ್ತೆ ಹೇಳುತ್ತಿದ್ದರು, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

ಪಾಠ ನಡೆಯುತ್ತಿದ್ದದ್ದು ಚರ್ಚಿಗೆ ಸೇರಿದ ಶಾಲೆಯ ವಿಜ್ಞಾನದ ಕೋಣೆಯಲ್ಲಿ. ಅಲ್ಲಿ ಕಿಟಕಿಯ ಪಕ್ಕ ಒಂದು ಗಾಜಿನ ಬೀರು, ಅದರಲ್ಲಿ ಒಂದು ಗಂಡಸಿನ ಅಸ್ಥಿಪಂಜರ. ಮಾವನವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೋಣಿಸಿದ ಮೊದಲನೆಯದು. ಕಲಿಯುವವನ ಕೈಕೆಲಸ ಡಾಕ್ಟರುಗಳಿಗೆ ಬೇಡ, ಶಾಲೆಗಾದರೆ ಸಾಕು ಎಂದು ಕಾಲೇಜಿನವರು ದಾನ ಮಾಡಿದ್ದರು. ವರ್ಷಕ್ಕೊಮ್ಮೆ ಆದಾಮ ಹವ್ವರ ಪಾಠ ಬಂದಾಗ ಮಕ್ಕಳು ಆ ಬೀರುವಿನ ಮುಂದೆ ಸಾಲಾಗಿ ನಿಂತು ಪಕ್ಕೆಲುಬು ಎಣಿಸುವರು. ಬಲಗಡೆ ಹನ್ನೆರಡು, ಎಡಗಡೆ ಹನ್ನೊಂದು. ದೇವರು ಒಂದನ್ನು ತೆಗೆದು ಹವ್ವಳನ್ನು ಮಾಡಿದ, ನೋಡಿಕೊಳ್ಳಿ! ಹಳೆಯ ಪಾದ್ರಿಗಳು ಶುರುಮಾಡಿದ ಪದ್ಧತಿ ಇದು. ಅವರು ತೀರಿಕೊಂಡ ಮೇಲೂ ನಡೆದುಕೊಂಡು ಬಂದಿತ್ತು. ಮಕ್ಕಳು ಎಣಿಸುವಾಗ ಮಾವನವರು ಕಿಟಕಿಯ ಹೊರಗೆ ನೋಡುತ್ತ ನಿಂತಿರುತ್ತಿದ್ದರಂತೆ.

ನಾನು ಅದೇ ಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದೆ. ಒಂದು ವರ್ಷ ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂಬ ಷರತ್ತು. ನನಗಿಂತ ಮುಂಚಿನವರು ಮೂಳೆಯ ಪಾಠವನ್ನು ಬೋರ್ಡಿನ ಮೇಲೆ ಬರೆದು ಮುಗಿಸುತ್ತಿದ್ದರು. ಪುಸ್ತಕದಲ್ಲಿ ಇಪ್ಪತ್ತನಾಲ್ಕು, ಬೀರುವಿನಲ್ಲಿ ಇಪ್ಪತ್ತಮೂರು. ಬುದ್ಧಿವಂತರು, ಬೀರುವಿನ ಕಡೆ ತಿರುಗಲೇ ಇಲ್ಲ. ನನಗೆ ಆ ಬುದ್ಧಿ ಇರಲಿಲ್ಲ. ಗಂಡಸಿಗೂ ಹೆಂಗಸಿಗೂ ಇಪ್ಪತ್ತನಾಲ್ಕು ಪಕ್ಕೆಲುಬು ಎಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಟೀಚರ್, ಗಂಡಸರಿಗೆ ಇಪ್ಪತ್ಮೂರೇ. ನಿಮ್ಮ ಮಾವನೇ ತೋರಿಸಿದಾರೆ.”

ಬೀರು ತೆಗೆದು ಎಣಿಸಿದೆ. ಇಪ್ಪತ್ತಮೂರು. ಎಡಗಡೆ ಎಲ್ಲಕ್ಕಿಂತ ಕೆಳಗಿನ ಗಿಡ್ಡ ಪಕ್ಕೆಲುಬು ಇರಲಿಲ್ಲ. ಇದರಲ್ಲಿ ಒಂದು ಕಳೆದುಹೋಗಿದೆ ಎಂದೆ. ನಲವತ್ತು ಮಕ್ಕಳೂ ನನ್ನನ್ನು ಕನಿಕರದಿಂದ ನೋಡಿದರು. ಸಂಜೆಯೊಳಗೆ, ಹೊಸ ಟೀಚರು ಸತ್ಯವೇದ ಸುಳ್ಳು ಅಂದಳಂತೆ ಎಂಬ ಸುದ್ದಿ ಮನೆಮನೆಗೂ ಮುಟ್ಟಿತ್ತು.

ಮರುದಿನ ಹೆಡ್‌ಮಿಸ್ಟ್ರೆಸ್ ಕರೆಸಿದರು.

“ನಾನು ಸತ್ಯವೇದದ ಮಾತೇ ಎತ್ತಿಲ್ಲ ಮೇಡಂ. ಪಕ್ಕೆಲುಬು ಎಣಿಸಿದೆ, ಅಷ್ಟೆ.”

“ಬಾಲದ ಮೂಳೆ, ಕೋತಿ ಗೀತಿ ಅಂತಾನೂ ಏನೋ ಹೇಳಿದ್ರಂತೆ?”

“ಬಾಲದ ಮೂಳೆ ಇದೆ ಮೇಡಂ. ನೀವೀಗ ಕೂತಿರೋದೇ ಅದರ ಮೇಲೆ.”

ಈ ಮಾತು ಆಡಬಾರದಿತ್ತು. ನನ್ನ ನಾಲಿಗೆಯೇ ನನಗೆ ಶತ್ರು. ಬರುವ ಭಾನುವಾರ ಈಗಿನ ಪಾದ್ರಿಗಳ ಮತ್ತು ತಂದೆತಾಯಂದಿರ ಎದುರು ‘ನನ್ನಿಂದ ತಪ್ಪಾಯಿತು, ಮಕ್ಕಳಿಗೆ ತಪ್ಪು ಹೇಳಿಕೊಟ್ಟೆ’ ಎಂದು ಕಾಗದ ಬರೆದು ಓದಬೇಕು, ಇಲ್ಲದಿದ್ದರೆ ಕಾಯಂ ಆಗುವ ಮಾತು ಮರೆತುಬಿಡಿ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಮನೆಗೆ ಬಂದು, ಮಾವನವರು ಚಹಾಕ್ಕೆ ಕೂತಾಗ ಕೇಳಿದೆ. “ಮಾವ, ಗಂಡಸಿಗೆ ಎಷ್ಟು ಪಕ್ಕೆಲುಬು?”

“ತಿನ್ನೋ ಕುಡಿಯೋ ಹೊತ್ತಲ್ಲಿ ಮೂಳೆ ಮಾತು ಬೇಡ,” ಎಂದರು ಅತ್ತೆ. ಅದು ಈ ಮನೆಯ ಕಾನೂನು.

“ಇಪ್ಪತ್ನಾಲ್ಕು,” ಎಂದರು ಮಾವ. “ಹೆಂಗಸಿಗೂ ಅಷ್ಟೇ. ಆದಾಮಂದು ಒಂದು ತೆಗೆದ್ರೆ ಅವನ ಮಕ್ಕಳಿಗೆ ಯಾಕಮ್ಮ ಕಮ್ಮಿ ಆಗುತ್ತೆ? ನನ್ನ ಬೆರಳು ಒಂದು ಹೋಗಿದ್ರೆ ನಿನ್ನ ಗಂಡ ಒಂಬತ್ತು ಬೆರಳಲ್ಲಿ ಹುಟ್ತಿದ್ನಾ?”

“ಮತ್ತೆ ಆರು ದಿನದಲ್ಲಿ ಎಲ್ಲಾ ಮಾಡಿ ಮುಗಿಸಿದ್ದು?”

“ಸೂರ್ಯನ್ನ ಮಾಡಿದ್ದೇ ನಾಲ್ಕನೇ ದಿನ. ಅದಕ್ಕೆ ಮುಂಚಿನ ಮೂರು ದಿನಾನ ಯಾವ ಗಡಿಯಾರ ನೋಡಿ ಎಣಿಸಿದ್ರೋ! ಮನುಷ್ಯನ್ನ ಮಣ್ಣಿಂದ ಮಾಡಿದ ಅಂತಿದೆ. ಎಷ್ಟು ಕಾಲ ನಾದಿದ ಅಂತ ಬರೆದಿಲ್ಲ. ಬಾಲದ ಮೂಳೆ ನಾನು ದಿನಾ ಪೋಣಿಸ್ತೀನಿ. ಹಿಂದೆ ಏನೋ ಇತ್ತು ಅಂತ ಅದೇ ಹೇಳುತ್ತೆ. ಅದರಿಂದ ದೇವರಿಗೇನೂ ಅವಮಾನ ಆಗಲ್ಲ.”

ಇಷ್ಟು ಚೆನ್ನಾಗಿ ಎರಡನ್ನೂ ಕೂಡಿಸಿ ಇಟ್ಟುಕೊಂಡಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ನನಗೆ ಖುಷಿಯೇ ಆಯಿತು. “ಹಾಗಾದ್ರೆ ಭಾನುವಾರ ಎದ್ದು ನಿಂತು ಇಷ್ಟೇ ಹೇಳಿ ಮಾವ. ನನ್ನ ಕೆಲಸ ಉಳಿಯುತ್ತೆ.”

ಅವರು ಲೋಟ ತೊಳೆಯಲು ಎದ್ದರು. ಆ ಮನೆಯಲ್ಲಿ ಅವರು ಲೋಟ ತೊಳೆದದ್ದನ್ನು ನಾನು ಕಂಡದ್ದು ಅದೇ ಮೊದಲು. ನೀರು ಸುರಿಯುತ್ತಲೇ ಇತ್ತು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಮೂರು ದಿನ ಆ ಪಕ್ಕೆಲುಬನ್ನು ಶಾಲೆಯಲ್ಲಿ ಹುಡುಕಿದೆ. ಬೀರುವಿನ ತಳ, ಹಳೆಯ ಭೂಪಟಗಳ ಸಂದು, ಒಡೆದ ಗಾಜಿನ ಪೆಟ್ಟಿಗೆ, ಯಾವುದನ್ನೂ ಬಿಡಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ, ಹಾಗಾಯಿತು ನನ್ನ ಪಾಡು.

ಶನಿವಾರ ಮಾವನವರು ಕನ್ನಡಕ ಮರೆತು ಹೋಗಿದ್ದರು. ಮಧ್ಯಾಹ್ನ ಕೊಡಲು ಕಾಲೇಜಿಗೆ ಹೋದೆ. ಉದ್ದನೆಯ ಕೋಣೆ, ಕಲ್ಲಿನ ಎರಡು ಮೇಜು, ಗೋಡೆಯುದ್ದಕ್ಕೂ ಡ್ರಾಯರುಗಳು. ಎಡಗೈ, ಬಲಗೈ, ಬೆನ್ನು ಎಂದು ಪ್ರತಿಯೊಂದಕ್ಕೂ ಚೀಟಿ. ಕೊನೆಯ ಒಂದಕ್ಕೆ ಮಾತ್ರ ಚೀಟಿ ಇರಲಿಲ್ಲ.

“ಮಾವ, ಯಾವುದಾದ್ರೂ ಒಂದು ಪಕ್ಕೆಲುಬು ಕೊಡಿ. ಎಡಗಡೆದು, ಕೊನೇದು. ಬೀರುವಲ್ಲಿ ಸೇರಿಸಿಬಿಡ್ತೀನಿ.”

“ಒಬ್ಬರದ್ದು ಇನ್ನೊಬ್ಬರಿಗೆ ಹಾಕಬಾರದಮ್ಮ.”

“ಅವನದ್ದು ಎಲ್ಲಿ ಹಾಳಾಗಿ ಹೋಯ್ತೋ, ಯಾರು ಕಂಡಿದಾರೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ಅವರ ಕಣ್ಣು ಆ ಚೀಟಿಯಿಲ್ಲದ ಡ್ರಾಯರಿನ ಕಡೆ ಹೋಯಿತು. ನಾನು ಅತ್ತ ಹೆಜ್ಜೆ ಇಡುವ ಮುಂಚೆ ಅವರೇ ಎಳೆದು ತೆಗೆದರು. ಒಂದು ಕರವಸ್ತ್ರ, ಅದರೊಳಗೆ ಗೇಣಿಗಿಂತ ಚಿಕ್ಕದೊಂದು ಪಕ್ಕೆಲುಬು.

ಆಮೇಲೆ ಒಂದೇ ಸಮನೆ ಹೇಳಿದರು, ನನ್ನ ಮುಖ ನೋಡದೆ. ಮೊದಲ ಅಸ್ಥಿಪಂಜರಕ್ಕೆ ಮೂಳೆ ಎಣಿಸಿಕೊಟ್ಟಾಗ ಪಕ್ಕೆಲುಬು ಇಪ್ಪತ್ತನಾಲ್ಕಿದ್ದವು. ಗಂಡಸಿಗೆ ಒಂದು ಕಡಿಮೆ ಇರಬೇಕಲ್ಲ! ಬೇರೆ ಯಾರದೋ ಒಂದು ಬೆರೆತಿದೆ ಎಂದುಕೊಂಡು, ಇದನ್ನು ತೆಗೆದಿಟ್ಟು, ಉಳಿದದ್ದನ್ನು ಪೋಣಿಸಿ ಶಾಲೆಗೆ ಕಳಿಸಿದರು. ಮುಂದಿನದರಲ್ಲೂ ಇಪ್ಪತ್ತನಾಲ್ಕು. ಅದರ ಮುಂದಿನದರಲ್ಲೂ. ಕೊನೆಗೆ ಪ್ರೊಫೆಸರನ್ನು ಕೇಳಿದಾಗ ಅವರು ನಕ್ಕು ಆ ಬೆರಳಿನ ಮಾತು ಹೇಳಿದ್ದರು. ತಕ್ಷಣ ಇದನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಓಡಿದರೆ, ಹಳೆಯ ಪಾದ್ರಿಗಳು ಆಗಲೇ ಮಕ್ಕಳನ್ನು ನಿಲ್ಲಿಸಿ ಎಣಿಸುತ್ತಿದ್ದರು.

“ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದ್ರು. ಅವತ್ತಿನವರೆಗೂ ಯಾರೂ ನನ್ನ ಬೆನ್ನು ತಟ್ಟಿರಲಿಲ್ಲಮ್ಮ. ಬರೋ ಭಾನುವಾರದಿಂದ ಪಾಠ ನೀನೇ ಮಾಡು ಅಂದ್ರು.” ಕರವಸ್ತ್ರ ಮಡಚಿದರು. “ಇದನ್ನ ತೆಗೆದು ತೋರಿಸಿದ್ರೆ ಆ ಪಾಠ ಹೋಗುತ್ತೆ.”

ನನಗೆ ಕನಿಕರ ಬರಲಿಲ್ಲ ಎಂದರೆ ಸುಳ್ಳು. ಆದರೆ ಕೋಪ ಅದಕ್ಕಿಂತ ದೊಡ್ಡದಾಗಿತ್ತು. “ನಾಳೆ ನಾನು ಕಾಗದ ಓದಬೇಕು ಮಾವ,” ಎಂದೆ. ಕನ್ನಡಕವನ್ನು ಮೇಜಿನ ಮೇಲಿಟ್ಟು ಬಂದೆ.

ಭಾನುವಾರ ವಿಜ್ಞಾನದ ಕೋಣೆ ತುಂಬಿತ್ತು. ಮಕ್ಕಳು ಬೆಂಚಿನ ಮೇಲೆ, ದೊಡ್ಡವರು ಗೋಡೆಗೆ ಒರಗಿ. ಪಾದ್ರಿಗಳು ನನ್ನತ್ತ ತಲೆಯಾಡಿಸಿದರು. ನಾನು ಕಾಗದ ಬಿಚ್ಚಿದೆ.

“ಅಯ್ಯನವರೇ, ಮೊದಲು ಪಾಠ ಆಗಲಿ,” ಎಂದರು ಮಾವ. ಬಿಳಿ ಅಂಗಿ, ಜೇಬಿನಿಂದ ಇಣುಕುವ ಇಕ್ಕಳ. ಮಕ್ಕಳ ಕಡೆ ತಿರುಗಿದರು. “ಬೇಡ ಅಂದಿದ್ದ ಹಣ್ಣು ತಿಂದ ಮೇಲೆ ದೇವರು ತೋಟಕ್ಕೆ ಬಂದು ಆದಾಮನ್ನ ಏನು ಕೇಳಿದ?”

“ಎಲ್ಲಿದ್ದೀಯ ಅಂತ!” ಎಲ್ಲ ಮಕ್ಕಳೂ ಕೂಗಿದರು.

“ಅವನು ಎಲ್ಲಿದ್ದ?”

“ಮರದ ಹಿಂದೆ ಬಚ್ಚಿಟ್ಟುಕೊಂಡಿದ್ದ!”

“ಸಿಕ್ಕಿಬಿದ್ದ ಮೇಲೆ ತಪ್ಪನ್ನ ಯಾರ ಮೇಲೆ ಹಾಕಿದ?”

“ಹವ್ವಳ ಮೇಲೆ!”

“ನಾನೂ ಅದನ್ನೇ ಮಾಡಿದೀನಿ,” ಎಂದು ಮಾವ ಕರವಸ್ತ್ರ ಬಿಚ್ಚಿದರು. “ಇವನ ಇಪ್ಪತ್ನಾಲ್ಕನೇ ಪಕ್ಕೆಲುಬು ಇದು. ತೆಗೆದಿದ್ದು ದೇವರಲ್ಲ, ನಾನು. ಗೊತ್ತಿಲ್ಲದೆ ತೆಗೆದೆ, ಗೊತ್ತಾದ ಮೇಲೆ ಬಚ್ಚಿಟ್ಟೆ. ಈಗ ತಪ್ಪು ಈ ಹೆಣ್ಣುಮಗಳ ತಲೆ ಮೇಲೆ ಬರ್ತಿದ್ರೂ ಸುಮ್ಮನಿದ್ದೆ. ಆ ಕಾಗದ ಮಡಚಿಡಮ್ಮ.”

ಬೀರು ತೆಗೆದು, ನೆಲಕ್ಕೆ ಮಂಡಿಯೂರಿ, ಎಲುಬನ್ನು ಅದರ ಜಾಗಕ್ಕಿಟ್ಟು ತಂತಿ ಹೊಸೆದರು. ಹತ್ತು ನಿಮಿಷವಾದರೂ ಹಿಡಿದಿರಬೇಕು. ಆಮೇಲೆ ಹಿಂದಿನಿಂದ ಒಬ್ಬ ತಂದೆ ಕೇಳಿದ, “ಹಾಗಾದ್ರೆ ಆದಾಮನ ಕಥೆ ಸುಳ್ಳಾ ಮೇಷ್ಟ್ರೇ?”

ಮಾವ ಮಂಡಿ ಹಿಡಿದುಕೊಂಡು ಎದ್ದರು. “ಅದೆಷ್ಟು ನಿಜ ಅಂತ ನನ್ನ ಕೇಳಪ್ಪ. ಮೂವತ್ತೊಂದು ವರ್ಷ ಆ ಮರದ ಹಿಂದೆ ಕೂತಿದ್ದವನು ನಾನು.”

ನನ್ನ ಕೆಲಸ ಕಾಯಂ ಆಯಿತು. ಮಾವನವರ ಪಾಠ ಹೋಯಿತು. ಪಾದ್ರಿಗಳು ಕೆಟ್ಟವರಲ್ಲ. ತಾವೇ ಮನೆಗೆ ಬಂದು, ವಯಸ್ಸಾಯಿತು, ಸ್ವಲ್ಪ ವಿಶ್ರಾಂತಿ ತಗೊಳ್ಳಿ ಎಂದು ಮೆಲ್ಲಗೆ ಹೇಳಿ ಅತ್ತೆಯ ಚಹಾ ಕುಡಿದು ಹೋದರು. “ಆದಾಮನಿಗೂ ತೋಟ ವಾಪಸ್ ಸಿಗಲಿಲ್ಲ,” ಎಂದರು ಮಾವ. “ಆದ್ರೆ ಆಚೆ ಕಳಿಸೋಕೆ ಮುಂಚೆ ದೇವರು ಅವರಿಬ್ಬರಿಗೂ ಬಟ್ಟೆ ಮಾಡಿ ತೊಡಿಸಿದ. ಅದನ್ನ ಯಾರೂ ನೆನಪಿಟ್ಟುಕೊಳ್ಳಲ್ಲ.” ಭಾನುವಾರ ಈಗಲೂ ಬಿಳಿ ಅಂಗಿ ತೊಡುತ್ತಾರೆ. ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಾರೆ.

ಕಿಟಕಿಯ ಬಿಸಿಲಿಗೆ ಅಸ್ಥಿಪಂಜರವೆಲ್ಲ ಹಳದಿಗಟ್ಟಿದೆ. ಡ್ರಾಯರಿನ ಕತ್ತಲಲ್ಲಿದ್ದ ಆ ಒಂದು ಪಕ್ಕೆಲುಬು ಮಾತ್ರ ಬೆಳ್ಳಗಿದೆ. ಚಹಾದ ನೀರು ಬಳಿದರೆ ಉಳಿದವುಗಳ ಬಣ್ಣಕ್ಕೆ ಬರುತ್ತದೆ, ಬಳಿದುಬಿಡಲೇ ಎಂದು ಮಾವನವರನ್ನು ಕೇಳಿದ್ದೆ. ಬೇಡ ಎಂದರು. ಪ್ರತಿ ವರ್ಷ ಮೂಳೆಯ ಪಾಠದ ದಿನ ಮಕ್ಕಳು ಎಣಿಸುತ್ತಾರೆ, ಇಪ್ಪತ್ತನಾಲ್ಕು ಬರುತ್ತದೆ, ಒಂದಲ್ಲ ಒಂದು ಮಗು ಕೇಳಿಯೇ ಕೇಳುತ್ತದೆ, ಇದೊಂದು ಯಾಕೆ ಟೀಚರ್ ಇಷ್ಟು ಬೆಳ್ಳಗಿದೆ?

“ನಮ್ಮ ಮಾವ ಅದನ್ನ ಬಚ್ಚಿಟ್ಟಿದ್ರು,” ಅನ್ನುತ್ತೇನೆ. “ಆಮೇಲೆ ಅವರೇ ತಂದು ಹಾಕಿದ್ರು.” ಈ ಎರಡನ್ನೂ ಹೇಳಬೇಕು, ಒಂದನ್ನೇ ಹೇಳಬೇಡ ಎಂದಿದ್ದಾರೆ.